ತೂಬಿನ ಬೀಗ ಯಾರ ಕೈಲಿ?

ಚನ್ನರಾಯಪಟ್ಟಣ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಊರವರೆಲ್ಲ ದುಡ್ಡು ಹಾಕಿ ಕೆರೆ ಹೂಳು ತೆಗೆಸಿದೆವು. ಕೆರೆ ತುಂಬಿದ್ದೇ ತಡ, ದಡದ ನಾಲ್ಕು ಮನೆಯವರು ಮೋಟಾರ್ ಇಟ್ಟು ರಾತ್ರೋರಾತ್ರಿ ನೀರೆಳೆದರು. ಮನುಷ್ಯನ ಹುಟ್ಟುಗುಣವೇ ಸ್ವಾರ್ಥ. ನ್ಯಾಯದ ಸಮಾಜ ಅಂತ ನೀವು ಬರೆಯೋದು ಸುಮ್ನೆ ಕನಸು. ಗಟ್ಟಿ ಆಳೊಬ್ಬ ಕೋಲು ಹಿಡಿದು ನಿಂತರೆ ಸಾಕು, ಅಲ್ವಾ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಾಲ್ಕು ಮನೆ ಅಂದಿರಿ. ದುಡ್ಡು ಹಾಕಿ, ನೀರು ಮುಟ್ಟದೆ ಕಾದು ಕೂತ ಮನೆಗಳೆಷ್ಟು? ಅವರೂ ಮನುಷ್ಯರೇ ತಾನೇ?

ನಿಮ್ಮ ಮಾತನ್ನೇ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ಹೇಳಿದ. ಅವನ ದೇಶ ಅಂತರ್ಯುದ್ಧದಲ್ಲಿ ಬೆಂದಿತ್ತು. 1649ರಲ್ಲಿ ರಾಜನ ತಲೆಯನ್ನೇ ಕಡಿದಿದ್ದರು. ಹಿಡಿತ ತಪ್ಪಿದರೆ ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆ, ಹಾಗಾಗಿ ಪೂರ್ತಿ ಅಧಿಕಾರ ಒಂದೇ ಕಡೆ ಇರಲಿ ಎಂದ. ಜಿನೀವಾದಲ್ಲಿ ಹುಟ್ಟಿದ ಚಿಂತಕ ರೂಸೋ 1755ರಲ್ಲಿ ತಿರುಗಿಸಿ ಹೇಳಿದ: ನೆಲಕ್ಕೆ ಬೇಲಿ ಹಾಕಿ 'ಇದು ನಂದು' ಅಂದಮೇಲೆಯೇ ಜನ ಕೆಟ್ಟರು. ನನಗೆ ಇವರಿಬ್ಬರಿಗಿಂತ ಇಂಗ್ಲೆಂಡಿನ ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್ ಕೇಳಿದ್ದು ಜಾಸ್ತಿ ಹಿಡಿಸುತ್ತದೆ. ಕಾಡುಬೆಕ್ಕು, ನರಿಗಳಿಗೆ ಹೆದರಿ ಸಿಂಹದ ಬಾಯಿಗೆ ಬೀಳುವುದು ಎಂಥ ಬುದ್ಧಿ ಎಂದು ಅವನು ಕೇಳಿದ. ಎಲ್ಲರೂ ಸ್ವಾರ್ಥಿಗಳಾದರೆ ಕೋಲು ಹಿಡಿದವನೂ ಸ್ವಾರ್ಥಿಯೇ. ಅವನನ್ನು ಯಾರು ಕಾಯಬೇಕು?

ನಮ್ಮಜ್ಜನ ಊರಿನ ಕೆರೆಗೆ ನೀರುಗಂಟಿ ಒಬ್ಬರಿದ್ದರು. ಕೆರೆ ನೀರು ಬಿಡುವ ತೂಬು ಎತ್ತುವುದು, ಇಳಿಸುವುದು ಅವರ ಕೆಲಸ. ಅಚ್ಚುಕಟ್ಟಿನಲ್ಲಿ ಅವರಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ನೀರು ಕಮ್ಮಿಯಾದ ವರ್ಷ ಕೊನೇ ಗದ್ದೆಗೆ ಮೊದಲು ಬಿಡುತ್ತಿದ್ದರು. ಗುದ್ದಲಿ ಹೆಗಲಿಗೇರಿಸಿ ಬದುವಿನ ಮೇಲೆ ಅವರು ಬರುತ್ತಿದ್ದರೆ ನಮ್ಮಜ್ಜನೂ ಮಡೆ ಕಟ್ಟಿ ಸುಮ್ಮನೆ ನಿಲ್ಲುತ್ತಿದ್ದ. ಸುಗ್ಗಿಯಲ್ಲಿ ಕಣದಲ್ಲೇ ಅವರಿಗೆ ಭತ್ತ ಅಳೆದು ಕೊಡುತ್ತಿದ್ದರು.

ಅದೇ ಕಣದಲ್ಲಿ ಅವರು ಬಾಯಾರಿ ನೀರು ಕೇಳಿದ್ದನ್ನು ನಾನು ನೋಡಿದ್ದೇನೆ. ಲೋಟ ಕೊಡಲಿಲ್ಲ. ನಮ್ಮಜ್ಜಿ ಚೊಂಬನ್ನು ಮೇಲೆ ಹಿಡಿದು ಸುರಿದಳು. ಅವರು ಬಗ್ಗಿ, ಬೊಗಸೆಯೊಡ್ಡಿ ಕುಡಿದರು. ಮೊಣಕೈಯಿಂದ ನೀರು ಇಳಿದು ಮಣ್ಣಿಗೆ ಬೀಳುತ್ತಿತ್ತು. ಇಡೀ ಊರಿಗೆ ನೀರು ಹಂಚುವ ಕೈ ಅದು.

ಊರು ಅದೇ, ಜನ ಅವರೇ. ಗದ್ದೆ ನೀರಿನಲ್ಲಿ ಅಷ್ಟು ನ್ಯಾಯ, ಕುಡಿಯುವ ನೀರಿನಲ್ಲಿ ಇಷ್ಟು ಅನ್ಯಾಯ. ಇದರಲ್ಲಿ ಯಾವುದನ್ನು ಹುಟ್ಟುಗುಣ ಅನ್ನೋಣ? 'ಅವರ ಗುಣವೇ ಹಾಗೆ' ಅನ್ನುವ ಮಾತು ನಮ್ಮಲ್ಲಿ ಯಾವಾಗಲೂ ಕೆಳಗಿನವರ ಮೇಲೆಯೇ ಬಿದ್ದಿದೆ. ಅದಕ್ಕೇ ಈ ಮಾತು ಕಂಡರೆ ನನಗೆ ಭಯ.

ಸಂವಿಧಾನದ ಕಟ್ಟಳೆಗಳನ್ನು ಗೌರವಿಸಿ ನಡೆಯುವ ನೀತಿ ಹುಟ್ಟಿನಿಂದ ಬರುವಂಥದ್ದಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹೇಳಿದರು. ಆಡಳಿತದ ವಿವರಗಳನ್ನೂ ಬರೆದಿಡಬೇಕು ಎಂದದ್ದು ಅದಕ್ಕೇ. ನಮ್ಮಜ್ಜಿಯ ಮನಸ್ಸು ಬದಲಾಗಲಿ ಅಂತ ಕಾಯದೆ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೂ ಆ ಚೊಂಬು ನಮ್ಮ ಕಣಕ್ಕೆ ಬಂದಿತ್ತು. ಬರೆದಿಟ್ಟದ್ದನ್ನು ಊರೊಳಗೆ ನಡೆಸುವವರು ಬೇಕು.

ಈಗ ನಿಮ್ಮ ಕೆರೆ. ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸೆ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆಗಳನ್ನು ಜನ ಒಟ್ಟಾಗಿ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡಿದವರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಇಂಥ ಹಂಚಿಕೆ ಶತಮಾನಗಟ್ಟಲೆ ಉಳಿದ ಕಡೆಗಳಲ್ಲಿ ಅವರು ಕಂಡದ್ದಿಷ್ಟು: ಬಳಸುವವರೇ ಕಟ್ಟಳೆ ಮಾಡಿರುತ್ತಾರೆ, ಕಾಯುವವನು ಅವರಿಗೇ ಲೆಕ್ಕ ಕೊಡುತ್ತಾನೆ, ಮೊದಲ ತಪ್ಪಿಗೆ ದಂಡ ಚಿಕ್ಕದು.

ಹೂಳು ತೆಗೆಸುವಾಗ ದುಡ್ಡಿನ ಮಾತಾಡಿದಿರಿ. ನೀರು ಹಂಚುವ ಮಾತು ಆಡಿದ್ದಿರಾ? ಮೋಟಾರ್ ಇಟ್ಟವರಿಗೆ ದಂಡ ಎಷ್ಟು, ತೂಬಿನ ಬೀಗ ಯಾರ ಕೈಲಿ ಅಂತ ಗೊತ್ತಿತ್ತಾ? ಪತ್ರದಲ್ಲಿ ಅದೇನೂ ಇಲ್ಲ. ಇನ್ನೊಂದು ಸಭೆ ಕರೆಯಿರಿ. ದಡದ ಮನೆಯವರನ್ನೂ ಬಿಡಬೇಡಿ. ಕೊನೇ ಗದ್ದೆಯವರು ಎಷ್ಟು ಜನ ಬಂದಿದ್ದರು, ಅವರಲ್ಲಿ ಯಾರಾದರೂ ಬಾಯಿ ಬಿಟ್ಟು ಮಾತಾಡಿದರಾ, ಅದನ್ನು ನನಗೆ ಬರೆಯಿರಿ.