ಗಿಟಾರ್ ಪ್ರಶ್ನೋತ್ತರ: ಕಾರ್ಡ್ ಬದಲಿಸುವಾಗ ಹಾಡು ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಮೂರು ತಿಂಗಳಿಂದ ಗಿಟಾರ್ ಕಲಿಯುತ್ತಿದ್ದೇನೆ. ಸಿ ಕಾರ್ಡಿನಿಂದ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜಿಗೆ ಹೋಗುವಾಗ ಪ್ರತಿ ಸಲ ಹಾಡು ನಿಲ್ಲುತ್ತದೆ. ಸ್ಪೀಡ್ ಬರಲು ಏನು ಮಾಡಬೇಕು ಸರ್? – ಓದುಗರು, ಸಿಂಧನೂರು

ಉತ್ತರ: ಎಲ್ಲರದೂ ಇದೇ ಪ್ರಶ್ನೆ, ಎಲ್ಲರಿಗೂ ಸ್ಪೀಡೇ ಬೇಕು! ನಿಮ್ಮ ತೊಂದರೆ ಸ್ಪೀಡ್ ಅಲ್ಲ, ಬೆರಳು ಹೋಗುವ ದಾರಿ. ಜಿ ಹಿಡಿಯುವಾಗ ಆರನೇ ತಂತಿಗೆ (ಎಲ್ಲಕ್ಕಿಂತ ಮೇಲಿನ ದಪ್ಪ ತಂತಿ; ಒಂದನೆಯದು ಎಲ್ಲಕ್ಕಿಂತ ಕೆಳಗಿನ ತೆಳು ತಂತಿ) ನಡುಬೆರಳು, ಐದಕ್ಕೆ ತೋರುಬೆರಳು, ಒಂದಕ್ಕೆ ಉಂಗುರಬೆರಳು ಇಡುತ್ತೀರಿ, ಅಲ್ವಾ? ಹಾಗಾದರೆ ಸಿಯಿಂದ ಮೂರು ಬೆರಳೂ ಮೂರು ದಿಕ್ಕಿಗೆ ಓಡಬೇಕು.

ಹೀಗೆ ಹಿಡಿಯಿರಿ (ಫ್ರೆಟ್ ಅಂದರೆ ಗಿಟಾರ್ ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಮನೆ): ಆರನೇ ತಂತಿ ಮೂರನೇ ಫ್ರೆಟ್‌ಗೆ ಉಂಗುರಬೆರಳು, ಐದನೇ ತಂತಿ ಎರಡನೇ ಫ್ರೆಟ್‌ಗೆ ನಡುಬೆರಳು, ಒಂದನೇ ತಂತಿ ಮೂರನೇ ಫ್ರೆಟ್‌ಗೆ ಕಿರುಬೆರಳು. ಸಿ ಕಾರ್ಡಿನಲ್ಲೂ ಉಂಗುರಬೆರಳು, ನಡುಬೆರಳು ಇದೇ ಫ್ರೆಟ್‌ಗಳಲ್ಲಿರುತ್ತವೆ, ಒಂದೊಂದು ತಂತಿ ಕೆಳಗೆ ಅಷ್ಟೇ. ಎರಡೂ ಜೋಡಿಯಾಗಿ ಒಂದು ತಂತಿ ಮೇಲೆ ಸರಿದರೆ ಮುಕ್ಕಾಲು ಕೆಲಸ ಮುಗಿಯಿತು. ಕಿರುಬೆರಳು ಮೊದಮೊದಲು ಮಾತು ಕೇಳುವುದಿಲ್ಲ. ಎರಡು ವಾರ ಕಳೆದ ಮೇಲೆ ದೂರು ಹೇಳಿ.

ಮೊದಲು ಬಲಗೈ ಸುಮ್ಮನಿರಲಿ. ಎಡಗೈ ಮಾತ್ರ ಸಿ, ಜಿ, ಸಿ, ಜಿ. ಬೆರಳನ್ನು ತಂತಿಯಿಂದ ಕೂದಲೆಳೆಯಷ್ಟು ಎತ್ತಿದರೆ ಸಾಕು, ಗಾಳಿಯಲ್ಲಿ ಹಾರಿಸಬೇಡಿ. ಒಂದೊಂದಾಗಿ ಇಡದೆ ಎಲ್ಲ ಬೆರಳೂ ಒಟ್ಟಿಗೆ ಇಳಿಯಲಿ. ಆಮೇಲೆ ಮೆಟ್ರೋನೋಮ್ (ತಾಳ ಬಡಿಯುವ ಯಂತ್ರ) 60ಕ್ಕೆ, ಅಂದರೆ ನಿಮಿಷಕ್ಕೆ 60 ಬೀಟ್‌ಗೆ ಇಟ್ಟು, ಒಂದು ಕಾರ್ಡಿಗೆ ನಾಲ್ಕು ಬೀಟ್. ನಾಲ್ಕನೇ ಬೀಟ್‌ನಲ್ಲಿ ಬೆರಳು ಎತ್ತಿಬಿಡಿ, ಖಾಲಿ ತಂತಿ ಮೊಳಗಿದರೂ ಚಿಂತೆಯಿಲ್ಲ. ಬಲಗೈ ಮಾತ್ರ ನಿಲ್ಲಬಾರದು. ತಾಳ ತಪ್ಪಿದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ, ಒಂದು ತಂತಿ ಮೊಂಡಾದರೆ ಗೊತ್ತಾಗುವುದಿಲ್ಲ. 60ರಲ್ಲಿ ತಡವರಿಸದೆ ಬಂದರೆ 65. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಭಾನುವಾರ ಮೂರು ತಾಸು ಜಗ್ಗಾಡಿ ಆರು ದಿನ ಗೋಡೆಗೆ ನೇತುಹಾಕುವವರು ನನ್ನ ಹತ್ತಿರ ಬರಬೇಡಿ. ಒಗ್ಗರಣೆ-ಮಿರ್ಚಿ ತಿಂದ ಕೈಯಲ್ಲೂ ತಂತಿ ಮುಟ್ಟಬೇಡಿ, ಕೈ ತೊಳೆದು ಬನ್ನಿ.

ಪ್ರಶ್ನೆ: ಬೆರಳು ಗಟ್ಟಿಯಾಗಲು ಉಪ್ಪುನೀರಲ್ಲಿ ಅದ್ದಬೇಕಂತೆ, ಹೌದಾ?

ಉತ್ತರ: ಯಾರು ಹೇಳಿದರು ಇದನ್ನು! ನೆನೆಸಿದರೆ ಗಟ್ಟಿಯಾದ ಚರ್ಮವೂ ಮೆತ್ತಗಾಗುತ್ತದೆ. ತುದಿ ಉರಿದರೆ ಸಹಿಸಿಕೊಳ್ಳಿ, ಕೆಲವು ವಾರದಲ್ಲಿ ಹೋಗುತ್ತದೆ. ಮಣಿಕಟ್ಟು ನೋಯುತ್ತಿದ್ದರೆ ಅವತ್ತೇ ನಿಲ್ಲಿಸಿ. ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಎಣ್ಣೆ ತಿಕ್ಕುವವರಿಗಲ್ಲ.

ಪ್ರಶ್ನೆ: ‘15 ದಿನದಲ್ಲಿ ಗಿಟಾರ್’ ಕೋರ್ಸ್ ಸೇರಲೇ?

ಉತ್ತರ: ದುಡ್ಡು ಜಾಸ್ತಿಯಾಗಿದ್ದರೆ ಸೇರಿ.

ಪ್ರಶ್ನೆ: ನನ್ನ ಬೆರಳು ಗಿಡ್ಡ. ಗಿಟಾರ್ ಬರುತ್ತದಾ?

ಉತ್ತರ: ಏಳೆಂಟು ವರ್ಷದ ಮಕ್ಕಳು ಬಾರಿಸುತ್ತಾರೆ.

ಪ್ರಶ್ನೆ: ತಂತಿ ಒತ್ತುವುದೇ ಕಷ್ಟವಾಗಿದೆ. ಬೇಸಿಗೆಯಲ್ಲಿ ಗಿಟಾರ್ ಕಾರಿನಲ್ಲೇ ಇತ್ತು. – ಓದುಗರು, ಕೊಪ್ಪಳ

ಉತ್ತರ: ನಮ್ಮ ಕಡೆಯ ಬಿಸಿಲು ಗೊತ್ತಿದ್ದೂ ಕಾರಿನಲ್ಲಿ ಬಿಟ್ಟಿರಾ? ಆ ಕಾವಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿ ಕಟ್ಟುವ ಮರದ ಪಟ್ಟಿ) ಏಳುತ್ತದೆ, ತಂತಿಯೂ ಮೇಲೇರುತ್ತದೆ. 12ನೇ ಫ್ರೆಟ್ ಮೇಲೆ ಆರನೇ ತಂತಿಯ ಎತ್ತರ ಸುಮಾರು 2.5 ಮಿ.ಮೀ. ಇರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ತಂತಿ ಸಡಿಲ ಮಾಡಿ ರಿಪೇರಿಯವರಿಗೆ ಕೊಡಿ. ಫೆವಿಕ್ವಿಕ್ ಹಾಕಿಕೊಂಡು ಬಂದರೆ ನಾನಂತೂ ನೋಡುವುದಿಲ್ಲ.