ದಸರಾ ರಜೆಯಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಎಂಥ ಕಥೆ, ಮಾತಿನ ಆಟ ಆಡಿಸಬಹುದು?

ಮನೆಯಲ್ಲಿ ಗೊಂಬೆ ಕೂರಿಸಿದ್ದರೆ ಅದೇ ಸಾಕು. ರಾಜ-ರಾಣಿಯ ಪಟ್ಟದ ಗೊಂಬೆಗಳನ್ನು ಮುಟ್ಟಿಸಬೇಡಿ, ಅಜ್ಜಿ ಬೈಯಬಹುದು. ಅಂಗಡಿ ಇಟ್ಟ ದಂಪತಿಯ ಗೊಂಬೆ, ಶೆಟ್ಟಿ-ಶೆಟ್ಟಮ್ಮನಿಂದ ಶುರು ಮಾಡಿ. ಅವರ ಮುಂದೆ ಹೇಗೂ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟಿರುತ್ತೇವೆ, ಅಲ್ವಾ? ಮಗು ಅಂಗಡಿ ನಡೆಸಲಿ, ನೀವು ಗಿರಾಕಿ. ಬೇಕಂತಲೇ ತೊಗರಿಬೇಳೆ ತೋರಿಸಿ "ಹೆಸರುಬೇಳೆ ಕೊಡಿ" ಅನ್ನಿ. ತಿದ್ದುವ ಖುಷಿಯಲ್ಲಿ ಮಗುವಿನ ಬಾಯಿಂದ ಪೂರ್ತಿ ವಾಕ್ಯವೇ ಬರುತ್ತದೆ.

ಸಂಜೆ ಮಹಿಷಾಸುರನ ಕಥೆ ಹೇಳಿ. ಯುದ್ಧ ಚಿಕ್ಕದಿರಲಿ, ಅವನು ಕೋಣ, ಸಿಂಹ, ಆನೆ ಅಂತ ರೂಪ ಬದಲಿಸುವ ಭಾಗ ಜಾಸ್ತಿ ಇರಲಿ. ಒಂದೊಂದು ರೂಪಕ್ಕೂ ಮಗು ಕೂಗು, ನಡಿಗೆ ಮಾಡಿ ತೋರಿಸಲಿ. ಗೊಂಬೆ ನೋಡಲು ಬಂದ ಮಕ್ಕಳಿಗೆ ಗೊಂಬೆ ಬಾಗಿನ ಕೊಡುವ ಮುಂಚೆ ಅದೇ ಕಥೆಯನ್ನು ನಿಮ್ಮ ಮಗು ಹೇಳಲಿ. ತಪ್ಪಿದರೂ ಸುಮ್ನೆ ಕೇಳಿ. ಅಕ್ಷರ ತಿದ್ದಿಸುವುದು ಮಾತ್ರ ಈ ರಜೆಗೆ ಬೇಡ.