ದೇವರ ಬಗ್ಗೆಯೋ, ದೇವರಿಗೋ?

‘ದೇವರು ಮಾತಿಗೆ ಸಿಗಲ್ಲ ಅನ್ನೋದೂ ಒಂದು ಮಾತೇ ಅಲ್ವಾ, ಹಾಗಾದ್ರೆ ಸುಮ್ಮನಿರಬಾರದೇಕೆ?’ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1921ರಲ್ಲಿ ಪ್ರಕಟವಾದ ಪುಸ್ತಕವನ್ನು ಮುಗಿಸಿದ್ದೂ ಅಲ್ಲಿಗೇ: ಹೇಳಲಾಗದ್ದರ ಬಗ್ಗೆ ಸುಮ್ಮನಿರಬೇಕು. ಆಮೇಲೆ ಅವರೇ ದಾರಿ ಬದಲಿಸಿದರು. ಪದದ ಅರ್ಥ ಬೇಕಿದ್ದರೆ ಜನ ಅದನ್ನು ಹೇಗೆ ಬಳಸುತ್ತಾರೆ ನೋಡಿ ಅಂದರು. ನನಗೆ ಇದೇ ಜಾಸ್ತಿ ಹಿಡಿಸುತ್ತದೆ.

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯಲ್ಲಿ ಒಂದು ಸಂಜೆ ನಿಂತು ನೋಡಿ. ಯಾರೋ ಅಜ್ಜಿ ಕಣ್ಣು ಮುಚ್ಚಿ ‘ಅಪ್ಪಾ, ಮೊಮ್ಮಗಳ ಜ್ವರ ಇಳಿಸಪ್ಪ’ ಅನ್ನುತ್ತಿರುತ್ತಾರೆ. ಅವರು ದೇವರನ್ನು ವರ್ಣಿಸುತ್ತಿಲ್ಲ, ಕರೆಯುತ್ತಿದ್ದಾರೆ. ವರ್ಣನೆ ತಪ್ಪಾಗಬಹುದು. ಕರೆ ತಪ್ಪಾಗುವುದು ಹೇಗೆ? ‘ಅಮ್ಮಾ’ ಅಂತ ಕೂಗುವ ಮಗುವಿಗೂ ಅಮ್ಮನ ಬಗ್ಗೆ ಹೇಳಲು ಬರಲ್ಲ. ತತ್ವದ ಚರ್ಚೆಯಲ್ಲಿ ನಾವು ಈ ವ್ಯತ್ಯಾಸವನ್ನು ಮರೆತೇಬಿಡುತ್ತೇವೆ, ನನಗೆ ಬೇಜಾರಾಗುವುದು ಅದಕ್ಕೇ.

ಇನ್ನು ಬೃಹದಾರಣ್ಯಕ ಉಪನಿಷತ್ತಿನ ‘ನೇತಿ ನೇತಿ’. ‘ಇದಲ್ಲ, ಇದಲ್ಲ’ ಅನ್ನುತ್ತಾ ಅದು ನಾವು ಕಟ್ಟಿಕೊಂಡ ಚಿತ್ರಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸುತ್ತದೆ. ಅಲ್ಲಮಪ್ರಭು ಶಬ್ದದೊಳಗಿನ ನಿಶ್ಶಬ್ದದ ಬಗ್ಗೆ ಹೇಳಿದ್ದೂ ವಚನದಲ್ಲೇ, ಮಾತಿನಲ್ಲೇ. ಅವರ ನಾಲ್ಕು ವಚನ ಗಟ್ಟಿಯಾಗಿ ಓದಿ. ಕೊನೆಯಲ್ಲಿ ‘ಗುಹೇಶ್ವರಾ’ ಅಂತ ಬಂದಾಗ ಗಮನಿಸಿ, ಅದೂ ಕರೆಯೇ.